ಬೆಲೆಬಾಳುವ ವಸ್ತುಗಳು

ಆರನೆಯ ಸಭೆಯಲ್ಲೂ ಒಣಮೀನಿನ ಮಾತು ಎತ್ತಿದ್ದೇ ತಡ, ಎಲ್ಲರಿಗೂ ಚಾ ನೆನಪಾಯಿತು.

ಹೇಮಾ ಹಲ್ಲು ಕಚ್ಚಿ ಪೆನ್ನಿಗೆ ಮುಚ್ಚಳ ಹಾಕಿದಳು. ಹಿಂದಿನ ಐದು ಸಭೆಗಳಲ್ಲೂ ಹೀಗೇ ಆಗಿತ್ತು. ಒಮ್ಮೆ ಚಾ, ಒಮ್ಮೆ ಕರೆಂಟು ಹೋದದ್ದು, ಒಮ್ಮೆ ಪಿಡಿಒ ಸಾಹೇಬರ ಫೋನು, ಒಮ್ಮೆ ಯಾರದೋ ಮದುವೆಯ ಕರೆಯೋಲೆ. ಶರಾವತಿಗೆ ನೆರೆ ಬಂದರೆ ಯಾವ ಕೇರಿಯವರು ಎಲ್ಲಿಗೆ ಹೋಗಬೇಕು, ಯಾರ ದೋಣಿ ಬರಬೇಕು, ಗಂಜಿ ಎಲ್ಲಿ ಬೇಯಬೇಕು ಎಂಬುದನ್ನೆಲ್ಲ ಊರವರೇ ಕೂತು ಒಪ್ಪಿ, ಬರೆದು, ಮಳೆಗಾಲಕ್ಕೆ ಮುಂಚೆ ತಾಲೂಕಿಗೆ ಕಳಿಸಬೇಕಿತ್ತು. ಒಪ್ಪುವವರು ಊರವರು, ಬರೆಯುವವಳು ಹೇಮಾ. ಪಂಚಾಯಿತಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಗುತ್ತಿಗೆ ಕೆಲಸ ಅವಳದು. ಬರೆಯುವವಳು ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೆ ಅವಳು ಬಾಯಿ ತೆರೆದರೆ ಸಾಕು, ಸಭೆಗೆ ಸಭೆಯೇ ಬಾಯಾರಿ ಒದ್ದಾಡುತ್ತಿತ್ತು.

ಸಭೆ ಎಂದರೆ ಮಹಾ ಏನಲ್ಲ, ಮುಖ್ಯವಾಗಿ ನಾಲ್ಕು ಜನ. ಪಿಡಿಒ ಗುರುದತ್ತ ಕುಮಟೆಯ ಹೊಳನಗದ್ದೆಯಿಂದ ದಿನಾ ಬೈಕಿನಲ್ಲಿ ಬರುವ ಮನುಷ್ಯ. ಮೇ ಮೂವತ್ತೊಂದಕ್ಕೆ ಫೈಲು ಕಳಿಸಬೇಕು ಎನ್ನುವುದೊಂದು ಬಿಟ್ಟರೆ ಅವನ ತಲೆಯಲ್ಲಿ ಆಗ ಇನ್ನೇನೂ ಇರಲಿಲ್ಲ. ಗದ್ದೆಕೇರಿಯ ಪರವಾಗಿ ಮಾದೇವ ಬರುತ್ತಿದ್ದ. ಎರಡು ಎತ್ತು, ಒಂದೆಕರೆ ಭತ್ತ, ಉಳಿದ ಕಾಲಕ್ಕೆ ಸವತೆ, ಹರಿವೆ ಬೆಳೆಯುವವನು. ಊರಿಗೆಲ್ಲ ಎತ್ತರದ ಜಾಗವೆಂದರೆ ಗುಡ್ಡದ ಮೇಲಿನ ದೇವಸ್ಥಾನದ ಸಭಾಭವನ, ಅದರ ಮುಕ್ತೇಸರರು ಕೃಷ್ಣಾನಂದ ಮಾಸ್ತರು. ಶಾಲೆಯಿಂದ ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಊರಿಗೆ ಅವರು ಇನ್ನೂ ಮಾಸ್ತರೇ. ಹೇಮಾಳಿಗೆ ಅಕ್ಷರ ತಿದ್ದಿಸಿದವರೂ ಅವರೇ. ನಾಲ್ಕನೆಯವಳು ದಿವ್ಯಶ್ರೀ, ಭಟ್ಕಳದಲ್ಲಿ ಕಚೇರಿ ಇಟ್ಟುಕೊಂಡ ಒಂದು ಸಂಸ್ಥೆಯವಳು. ಊರವರ ಮಧ್ಯೆ ಒಮ್ಮತ ತರಿಸುವುದು ಅವಳ ಉದ್ಯೋಗವಂತೆ. ಅಂಥದೂ ಒಂದು ಉದ್ಯೋಗ ಇದೆಯೆಂದು ಊರಿಗೆ ಆಗಲೇ ಗೊತ್ತಾದದ್ದು.

ಮೊದಲನೆಯ ಸಭೆಯಲ್ಲಿ ದಿವ್ಯಶ್ರೀ ಎಲ್ಲರ ಕೈಗೂ ಬಣ್ಣದ ಚೀಟಿ ಕೊಟ್ಟು, ನೆರೆ ಬಂದಾಗ ನಿಮಗೆ ಎಲ್ಲಕ್ಕಿಂತ ಮುಖ್ಯ ಯಾವುದು, ಬರೆಯಿರಿ ಎಂದಿದ್ದಳು. ಮಾದೇವ ಎತ್ತು ಎಂದು ಬರೆದ. ಮಾಸ್ತರು ದುಂಡಗಿನ ಅಕ್ಷರದಲ್ಲಿ ಶುಚಿತ್ವ ಎಂದು ಬರೆದರು. ಗುರುದತ್ತ ತಾರೀಖು ಬರೆದ. ಹೇಮಾ ಒಣಮೀನು ಎಂದು ಬರೆದಳು. ದಿವ್ಯಶ್ರೀ ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಪ್ರಾಣಿ ಸಂಪತ್ತು, ಆರೋಗ್ಯ, ಆಡಳಿತ ಎಂದು ವಿಭಾಗಗಳನ್ನು ಮಾಡಿ ಚೀಟಿಗಳನ್ನೆಲ್ಲ ಅಲ್ಲಲ್ಲಿಗೆ ಹಚ್ಚಿದಳು. ಹೇಮಾಳ ಚೀಟಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಕೊನೆಗೆ 'ಇತರೆ' ಎಂಬಲ್ಲಿ ಅಂಟಿಸಿದಳು. ಆರು ಸಭೆ ಕಳೆದರೂ ಆ ಚೀಟಿ ಅಲ್ಲೇ ಇತ್ತು, ಒಂದು ಮೂಲೆ ಮಾತ್ರ ಸುರುಳಿ ಸುತ್ತಿತ್ತು.

ಇತರೆಯಂತೆ. ಹೇಮಾಳ ಅಪ್ಪ ದೇವು ಸತ್ತದ್ದು ಆ ಇತರೆಯಿಂದ.

ಅವಳ ತವರು ಸಣ್ಣಕುರ್ವೆ. ನದಿಯ ನಡುವೆ ನಲವತ್ತೊಂದು ಮನೆಯ ನಡುಗಡ್ಡೆ, ಅಳಿವೆ ಕಡೆಯ ಮಾವಿನಕುರ್ವೆಗಿಂತ ಬಹಳ ಮೇಲೆ, ಗೇರುಸೊಪ್ಪದ ಕಡೆಯಿಂದ ಬರುವ ನೀರಿಗೆ ಎದೆ ಕೊಟ್ಟು ಕೂತದ್ದು. ಗಂಡಸರು ಮೀನಿಗೆ ಹೋಗುತ್ತಾರೆ, ಹೆಂಗಸರು ಮೀನು ಒಣಗಿಸುತ್ತಾರೆ. ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಬಂಗಡೆ, ಶೆಟ್ಲಿ ಎನ್ನುವ ಸೀಗಡಿ, ನಂಗು ಎಲ್ಲ ಒಣಗಿಸಿ, ಬುಟ್ಟಿಗೆ ಹುಲ್ಲು ಹಾಸಿ ತುಂಬಿಟ್ಟರೆ, ದೋಣಿ ದಡಕ್ಕೆ ಬೀಳುವ ಮಳೆಗಾಲವಿಡೀ ಅದೇ ಊಟ, ಅದೇ ವ್ಯಾಪಾರ. ಹೊನ್ನಾವರದ ಪೇಟೆ, ಕುಮಟೆಯ ಸಂತೆ ಎಂದು ತಲೆಯ ಮೇಲೆ ಹೊತ್ತು ಮಾರಿ ಅಕ್ಕಿ ತರುತ್ತಾರೆ. ಆ ಮೀನಿಗೆ ಒಂದು ಸಲ ನೀರು ತಾಗಿತೋ, ಮುಗಿಯಿತು. ಎರಡೇ ದಿನಕ್ಕೆ ಹುಳ.

ಆರು ವರ್ಷದ ಹಿಂದೆ ಆಗಸ್ಟಿನಲ್ಲಿ ನೆರೆ ಬಂದಾಗ ಕುರ್ವೆಯವರನ್ನೆಲ್ಲ ದೋಣಿಯಲ್ಲಿ ಈಚೆ ದಾಟಿಸಿ ಸಭಾಭವನಕ್ಕೆ ಕರೆತಂದರು. ಹೇಮಾಳ ತಾಯಿ ಮಂಜಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತೇ ಗುಡ್ಡ ಹತ್ತಿದಳು. ಬಾಗಿಲಲ್ಲಿ ಮಾಸ್ತರು ನಿಂತಿದ್ದರು. ಬುಟ್ಟಿ ಹೊರಗಿಟ್ಟು ಒಳಗೆ ಬಾ ಎಂದರು. ಹೊರಗೆ ಎಲ್ಲಿಡುವುದು? ಆಕಾಶ ಕಳಚಿ ಬೀಳುವ ಮಳೆ. ಚಪ್ಪಲಿ ಬಿಡುವ ಜಾಗಕ್ಕೂ ಸೂರಿರಲಿಲ್ಲ. ಮಂಜಿ ತಿರುಗಿ ಗುಡ್ಡ ಇಳಿದು, ಜನ ತರಲು ವಾಪಸು ಹೊರಟಿದ್ದ ದೋಣಿಯೊಂದನ್ನು ಹತ್ತಿ ಮನೆಗೆ ಹೋದಳು. ಬೇರೆಯವರನ್ನು ದಾಟಿಸುತ್ತಿದ್ದ ದೇವು ವಿಷಯ ತಿಳಿದು, ಅವಳನ್ನು ಕರೆತರಲು ಹೊರಟ. ನಡುನೀರಿನಲ್ಲಿ ತೇಲಿಬಂದ ಮರ ಅವನ ದೋಣಿಗೆ ಬಡಿಯಿತು. ಮಂಜಿ ಎರಡು ದಿನ ಅಟ್ಟದ ಮೇಲೆ ಬುಟ್ಟಿಯ ಪಕ್ಕದಲ್ಲಿ ಕೂತು ಬದುಕಿಕೊಂಡಳು. ದೇವು ಮೂರನೆಯ ದಿನ ಅಳಿವೆಯ ಹತ್ತಿರ ಸಿಕ್ಕಿದ.

ಅಂದಿನಿಂದ ಮಂಜಿಯದು ಒಂದೇ ಮಾತು. ನೀರು ಬಂದರೆ ಬರಲಿ, ಬುಟ್ಟಿ ಹೋಗದ ಜಾಗಕ್ಕೆ ತಾನು ಹೋಗುವುದಿಲ್ಲ. ಹೇಮಾ ಅತ್ತು ಕರೆದು ಹೇಳಿದ್ದಾಯಿತು, ಬೈದದ್ದಾಯಿತು, ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಆಯಿತು. ಹೊನ್ನಾವರದಲ್ಲಿರುವ ತನ್ನ ಗಂಡ ಉದಯನ ಮನೆಗೆ ಬಂದಿರು ಎಂದರೆ, ಮಳೆಗಾಲದ ವ್ಯಾಪಾರ ಬಿಟ್ಟು ಅಳಿಯನ ಮನೆಯಲ್ಲಿ ಕೂತು ಉಣ್ಣಲೋ ಎನ್ನುತ್ತಾಳೆ. ಆದ್ದರಿಂದ ಹೇಮಾಳಿಗೆ ಈ ಯೋಜನೆಯಲ್ಲಿ ಬೇಕಿದ್ದದ್ದು ಒಂದೇ ಒಂದು ಸಾಲು: ಒಣಮೀನಿನ ಬುಟ್ಟಿಗೆ ನೆನೆಯದ ಜಾಗ ಇದೆ. ಆ ಸಾಲು ಇದ್ದರೆ ತಾಯಿ ಬದುಕುತ್ತಾಳೆ, ಇಲ್ಲದಿದ್ದರೆ ಮುಂದಿನ ನೆರೆಗೆ ಅಟ್ಟ ಸಾಲದೆ ಹೋದರೆ ಅವಳ ಕತೆ ಅಷ್ಟೇ. ಇದನ್ನು ಬಿಡಿಸಿ ಹೇಳಬೇಕೇ?

ಹೇಳಬೇಕಿತ್ತು, ಆರು ಸಲ. ಚಾ ಕುಡಿದು ಬಂದ ಮೇಲೆ ಹೇಮಾ ಮತ್ತೆ ಹೇಳಿದಳು.

"ಸಭಾಭವನದ ಪಾತ್ರೆ ಕೋಣೆ ಖಾಲಿಯೇ ಇರ್ತದಲ್ಲ ಮಾಸ್ತರ್ರೆ. ಅಲ್ಲಿಟ್ರೆ ಆಗೂದಿಲ್ವಾ?"

"ದೇವರ ನೈವೇದ್ಯದ ಪಾತ್ರೆ ಇಡೂ ಜಾಗ ಅದು," ಎಂದರು ಮಾಸ್ತರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೇಮಾಳಿಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. "ತಂಗೀ, ನಾ ಜನ ಬೇಡ ಅಂದದ್ದುಂಟಾ? ಆ ವರ್ಷ ಮುನ್ನೂರು ಜನಕ್ಕೆ ಮೂರು ದಿನ ನಿಂತು ಬಡಿಸಿದ್ದೆ. ಯಾರ ಜಾತಿ ಕೇಳಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಒಂದು ನಿಯಮ ಇಟ್ಕೊಂಡಿದ್ದೆ, ಒಂದೇ."

ಅದು ಸುಳ್ಳಲ್ಲ. ಆ ಮೂರು ದಿನ ಅವರು ನಿದ್ದೆ ಮಾಡಿರಲಿಲ್ಲ ಎಂಬುದು ಊರಿಗೇ ಗೊತ್ತು.

"ಹಿಂದೆ ಹೊಸದಾಗಿ ಹಾಕಿದ ಮಾಡಿನ ಕೆಳಗೆ?"

"ಅಲ್ಲಿ ನನ್ನ ಎತ್ತು ಕಟ್ಟೂದು ಅಂತ ಎರಡನೇ ಸಭೇಲೇ ಆತಲ್ಲ," ಎಂದ ಮಾದೇವ. "ಮೀನಿಟ್ರೆ ನಾಯಿ ಬತ್ತವೆ. ನಾಯಿ ಬಂದ್ರೆ ಎತ್ತು ಹಗ್ಗ ಹರೀತವೆ."

"ಎತ್ತು ಸೆಗಣಿ ಹಾಕೂದಿಲ್ವಾ ಮಾದೇವಣ್ಣ? ಅದಕ್ಕೆ ಜಾಗ ಉಂಟು, ನಮ್ಮ ಮೀನಿಗೆ ಇಲ್ಲ."

"ಸೆಗಣಿಗೂ ಮೀನಿಗೂ ಎಂತ ಹೋಲಿಕೆ ಮಾರಾಯ್ತಿ," ಎಂದು ಮಾದೇವ ನಿಜವಾಗಿ ಅಚ್ಚರಿಪಟ್ಟ.

ದಿವ್ಯಶ್ರೀ ಗಾಳಿಯಾಡದ ಪ್ಲಾಸ್ಟಿಕ್ ಡ್ರಮ್ಮು ಕೊಡಿಸುವ ಮಾತಾಡಿದಳು. ಅದರಲ್ಲಿ ಮೀನು ಬೆವರಿ ಹಾಳಾಗುತ್ತದೆ ಎಂದು ಹೇಮಾ ಮೂರನೆಯ ಸಭೆಯಲ್ಲೇ ಹೇಳಿದ್ದಳು. ದಿವ್ಯಶ್ರೀ ಅದನ್ನು ಬರೆದುಕೊಂಡೂ ಇದ್ದಳು. ತಗಡಿನ ಚಪ್ಪರ ಹಾಕೋಣವೆಂದರೆ ಗುರುದತ್ತ, ಒಣಮೀನಿಗೆ ಚಪ್ಪರ ಹಾಕಲು ಖರ್ಚಿನ ಯಾವ ಬಾಬಿನಲ್ಲೂ ಅವಕಾಶವಿಲ್ಲ ಎಂದ. ಹೇಮಾಳಿಗೆ ತಲೆ ಚಿಟ್ಟು ಹಿಡಿಯಿತು. ಇವರಲ್ಲಿ ಒಬ್ಬನಾದರೂ ಕಟುಕನಾಗಿದ್ದರೆ ಜಗಳ ಆಡಬಹುದಿತ್ತು. ಎಲ್ಲರೂ ಅವರವರ ಪ್ರಕಾರ ಸರಿಯಾಗಿದ್ದರು, ಎಲ್ಲರೂ ಸೇರಿ ಅವಳ ತಾಯಿಯನ್ನು ನೀರಿಗೆ ಬಿಡುತ್ತಿದ್ದರು.

"ನಾವು ಒಂದೊಂದೇ ವಸ್ತುವಿನ ಹೆಸರು ಹೇಳ್ತಾ ಹೋದ್ರೆ ಜಗಳ ಮುಗಿಯೋದೇ ಇಲ್ಲ," ಎಂದಳು ದಿವ್ಯಶ್ರೀ, ಗಡಿಯಾರ ನೋಡುತ್ತ. "ಎಲ್ಲರನ್ನೂ ಒಳಗೊಳ್ಳುವ ಒಂದು ಪದ ಹುಡುಕೋಣ."

ಹೇಮಾಳ ತಲೆಗೆ ಆ ಪದ ಬಂದದ್ದು ಆಗ. ಯಾರ ಮುಖವನ್ನೂ ನೋಡದೆ ಪೆನ್ನಿನ ಮುಚ್ಚಳ ತೆಗೆದು ಬರೆದಳು, ಬರೆದದ್ದನ್ನು ಓದಿದಳು: "ಸ್ಥಳಾಂತರಗೊಳ್ಳುವ ಪ್ರತಿ ಕುಟುಂಬವೂ ತನ್ನ ಬೆಲೆಬಾಳುವ ವಸ್ತುಗಳನ್ನು ಸಭಾಭವನದ ಒಳಗೆ ತರಬಹುದು."

ಯಾರಿಗೂ ಬಾಯಾರಿಕೆಯಾಗಲಿಲ್ಲ. ಮಾಸ್ತರು ತಲೆದೂಗಿ, ಹೌದು, ಬಂಗಾರ ಕಾಗದಪತ್ರ ಮನೇಲಿ ಬಿಟ್ಟು ಬರೂದು ಹೇಗೆ ಎಂದರು. ಮಾದೇವ, ಆತು, ನಂದೇನೂ ತಕರಾರಿಲ್ಲ ಎಂದ. ಅವನ ಕಣ್ಣ ಮುಂದೆ ಎತ್ತು ಇದ್ದವು. ಗುರುದತ್ತ, ಇಷ್ಟು ಸಣ್ಣ ಸಾಲಿಗೆ ಆರು ಸಭೆ ಬೇಕಾಯಿತಲ್ಲ ಎಂದು ನಕ್ಕ. ದಿವ್ಯಶ್ರೀ ಚಪ್ಪಾಳೆ ತಟ್ಟಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದಳು. ನಾಲ್ಕೂ ಸಹಿ ಐದು ನಿಮಿಷದಲ್ಲಿ ಬಿದ್ದವು.

ಮಾಸ್ತರು ಸಹಿ ಹಾಕುವಾಗ ಹೇಮಾಳಿಗೆ ಅವರ ಬೆರಳು ನೋಡಲಾಗಲಿಲ್ಲ. ಒಂದು ಕ್ಷಣ ಅಷ್ಟೇ. ಆಮೇಲೆ, ಆರು ಸಲ ಗೋಗರೆದಾಗ ಕೇಳದವರಿಗೆ ಹೀಗೇ ಆಗಬೇಕು ಅನ್ನಿಸಿತು.

ಮಾರನೆಯ ದಿನವೇ ಕುರ್ವೆಗೆ ಹೋದಳು. ಮಂಜಿ ಅಂಗಳದಲ್ಲಿ ಶೆಟ್ಲಿ ಆರಿಸುತ್ತ ಕೂತಿದ್ದಳು.

"ಆಯಿ, ಬರೆದಾತು. ಬುಟ್ಟಿ ಒಳಗೆ ತಕಂಡು ಹೋಗೂಕೆ ಅಡ್ಡಿಲ್ಲ. ಮಾಸ್ತರೇ ಸೈ ಹಾಕಿದ್ದಾರೆ."

ಮಂಜಿಯ ಕೈ ನಿಂತಿತು. "ಮಾಸ್ತರಾ?"

"ಹೌದು. ನನ್ನ ಎದುರಿಗೇ."

ಮಂಜಿ ಓದು ಬಲ್ಲವಳಲ್ಲ. ಕಾಗದ ತೋರಿಸು ಎನ್ನಲಿಲ್ಲ. ಶೆಟ್ಲಿಯ ತಲೆ ಮುರಿಯುತ್ತ, "ಅವ ಬದುಕಿದ್ದಾಗಲೇ ಇದನ್ನ ಬರ್ದಿದ್ರೆ ಆಗಿತ್ತು," ಎಂದಳು. ಆಮೇಲೆ ಒಳಗೆ ಹೋಗಿ ಬುಟ್ಟಿಯಡಿಗೆ ಹೊಸ ಸಿಂಬೆ ಸುತ್ತಲು ಹಳೆಯ ಸೀರೆ ಹುಡುಕತೊಡಗಿದಳು. ಹೇಮಾಳಿಗೆ ಆ ದಿನ ಆದ ಸಂತೋಷ ಹೇಳತೀರದು. ಆರು ವರ್ಷದಿಂದ ಎದೆಯ ಮೇಲೆ ಕೂತದ್ದು ಕೆಳಗಿಳಿದಂತೆ ಅನ್ನಿಸಿ, ವಾಪಸು ದೋಣಿಯಲ್ಲಿ ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು.

ಜೂನ್ ಮೊದಲ ವಾರ ಅಣಕು ಕಾರ್ಯಾಚರಣೆ. ನೆರೆ ಬಂದಿದೆ ಎಂದುಕೊಂಡು ಎಲ್ಲರೂ ಯೋಜನೆಯ ಪ್ರಕಾರ ನಡೆದು ತೋರಿಸಬೇಕು, ಅದರ ವರದಿ ಮೇಲೆ ಹೋಗಬೇಕು. ಜನ ಅದಕ್ಕೆ ಅಣಕು ನೆರೆ ಎಂದು ಹೆಸರಿಟ್ಟು, ನೆಂಟರ ಮನೆಗೆ ಹೋಗುವಷ್ಟು ಉಮೇದಿನಿಂದ ಹೊರಟರು. ಬೆಳಗ್ಗೆ ಹತ್ತಕ್ಕೆ ಪಂಚಾಯಿತಿಯ ಸೈರನ್ ಕೂಗಿತು. ತೆಳ್ಳಗೆ ಮಳೆ ಬರುತ್ತಿತ್ತು.

ಮೊದಲು ಬಂದವನು ಮಾದೇವ. ಎರಡೂ ಎತ್ತು ಹೊಡೆದುಕೊಂಡು, ಹೆಗಲ ಮೇಲೆ ಬಿತ್ತನೆ ಭತ್ತದ ಚೀಲ ಹೊತ್ತು ಬಂದು, ಎತ್ತನ್ನು ಸಭಾಭವನದ ಬಾಗಿಲಿಗೇ ತಂದು ನಿಲ್ಲಿಸಿದ. ಹಿಂದಿನ ಮಾಡಿಗೆ ಕಟ್ಟು ಎಂದರೆ, "ಒಳಗೆ ಅಂತ ಬರದದ್ದಲ್ಲ? ಇದಕ್ಕಿಂತ ಬೆಲೆ ಇರೂದು ನನ್ನ ಹತ್ರ ಎಂತದೂ ಇಲ್ಲ," ಎಂದ. ಅವನ ಹಿಂದೆ ಮುದುಕಿ ಬಂಗಾರಿ ಸೊರೆಬುರುಡೆಯಲ್ಲಿ ಸವತೆ ಬೀಜ ತುಂಬಿಕೊಂಡು ಬಂದಳು. ಇನ್ನೊಬ್ಬರು ಟಿವಿ ಹೊತ್ತಿದ್ದರು. ಒಬ್ಬಳು ಮಿಕ್ಸರು ಹಿಡಿದಿದ್ದಳು. ಗುರುದತ್ತ ಪಂಚಾಯಿತಿಯ ಮೊಹರುಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬಂದು, ಇದೇನ್ರೀ ಜಾತ್ರೆ ಎಂದು ತಲೆ ಚಚ್ಚಿಕೊಂಡ. ಎತ್ತನ್ನು ಹಿಂದಕ್ಕೆ ತಳ್ಳುವವರು, ಮುಂದಕ್ಕೆ ಎಳೆಯುವವನು, ಇವರ ನಡುವೆ ದಿವ್ಯಶ್ರೀ ಕ್ಯಾಮೆರಾ ಹಿಡಿದು ಯಾವುದನ್ನು ತೆಗೆಯುವುದೆಂದು ತಿಳಿಯದೆ ನಿಂತಿದ್ದಳು.

ಹೇಮಾಳ ಕಣ್ಣು ಗುಡ್ಡದ ದಾರಿಯ ಮೇಲೆ. ಕುರ್ವೆಯ ಮೊದಲ ದೋಣಿ ಬಂದಿತ್ತು. ಎಲ್ಲರ ಮುಂದೆ ಮಂಜಿ, ಒಗೆದ ಸೀರೆ ಉಟ್ಟು, ಹೊಸ ಸಿಂಬೆಯ ಮೇಲೆ ಬುಟ್ಟಿ ಹೊತ್ತು, ಮೇಲೆ ಪ್ಲಾಸ್ಟಿಕ್ ಹೊದೆಸಿ, ಸಾವಕಾಶ ಹತ್ತಿ ಬರುತ್ತಿದ್ದಳು. ಹಿಂದೆ ಕುರ್ವೆಯ ಹೆಂಗಸರೆಲ್ಲ, ಒಬ್ಬೊಬ್ಬರ ತಲೆಯ ಮೇಲೂ ಬುಟ್ಟಿ. ಮಂಜಿ ಬಾಗಿಲಿಗೆ ಬಂದು ಮಾಸ್ತರರನ್ನು ನೋಡಿ ನಕ್ಕಳು. ಆರು ವರ್ಷದಲ್ಲಿ ಅವಳು ಅವರ ಮುಖ ನೋಡಿ ನಕ್ಕದ್ದು ಅದೇ ಮೊದಲು.

ಮಾಸ್ತರ ಮುಖ ಬಿಳಿಚಿಕೊಂಡಿತು. ಗಾಳಿಗೆ ವಾಸನೆ ಅವರಿಗೆ ಮೊದಲೇ ಮುಟ್ಟಿತ್ತು.

"ಮಂಜಿ, ಬುಟ್ಟಿ..." ಎಂದರು. ಮುಂದಿನ ಮಾತು ಅವರ ಬಾಯಿಂದ ಹೊರಡಲಿಲ್ಲ. ಹೊರಡುವುದೂ ಬೇಕಿರಲಿಲ್ಲ, ಅದು ಆರು ವರ್ಷದಿಂದ ಆ ಬಾಗಿಲಲ್ಲೇ ನಿಂತಿತ್ತು.

ಹೇಮಾ ನಡುವೆ ನುಗ್ಗಿದಳು. "ನೀವೇ ಸೈ ಹಾಕಿದ್ದಲ್ಲ ಮಾಸ್ತರ್ರೆ. ಬೆಲೆಬಾಳುವ ವಸ್ತು ಒಳಗೆ ತರಬಹುದು ಅಂತ."

"ನಾ ಸೈ ಹಾಕಿದ್ದು ಬೆಲೆಬಾಳೂದಕ್ಕೆ, ಮೀನಿಗಲ್ಲ."

"ನಮಗೆ ಇದೇ ಬೆಲೆಬಾಳೂದು."

"ಇರಬಹುದು. ಹಾಗಾದ್ರೆ ಮೀನು ಅಂತ ಯಾಕೆ ಬರೀಲಿಲ್ಲ?" ಮಾಸ್ತರು ಅವಳನ್ನು ನೋಡಿದ ರೀತಿ ಹಳೆಯದು, ಪಾಟಿ ಹಿಡಿದು ನಿಂತ ಕಾಲದ್ದು. "ಮೀನು ಅಂತ ಬರೆದ್ರೆ ನಾ ಸೈ ಹಾಕೂದಿಲ್ಲ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೇ ಬರೀಲಿಲ್ಲ. ಓದಿದವಂಗೆ ಅರ್ಥ ಆಗೂ ಹಾಗೆ ಬರೀಬೇಕು ಅಂತ ಕಲಿಸಿದ್ದೆ ನಾನು. ನೀ ಅರ್ಥ ಆಗದೇ ಇರ್ಲಿ ಅಂತ ಬರ್ದೆ."

ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ಮಂಜಿ ಮಗಳ ಕಡೆ ತಿರುಗಿದಳು.

"ಎಂತ ಬರದಿದ್ದೆ, ಓದು ಕಾಂಬ."

ಹೇಮಾ ಓದಿದಳು. ಓದಲು ಕಾಗದ ಬೇಕಿರಲಿಲ್ಲ.

"ಅದರಲ್ಲಿ ಮೀನು ಎಲ್ಲುಂಟು?"

ಒಂದು ಎತ್ತು ಮೂಗಿನಿಂದ ಉಸಿರು ಬಿಟ್ಟಿತು.

"ನಿಮ್ಮ ಬೆಲೆ ನಂಗೆ ಗೊತ್ತಿಲ್ಲೆ ಮಗಾ," ಎಂದಳು ಮಂಜಿ. "ಮೀನಿಗೆ ನಾವು ಮೀನು ಹೇಳಿಯೇ ಹೇಳೂದು." ಸಿಂಬೆ ಸರಿಮಾಡಿಕೊಂಡು ತಿರುಗಿ ಗುಡ್ಡ ಇಳಿಯತೊಡಗಿದಳು. ಅವಳ ಹಿಂದೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದ ಸಾಲಿನಲ್ಲೇ ತಿರುಗಿದರು.

ಅಣಕು ಕಾರ್ಯಾಚರಣೆ ಮುಗಿಯಿತು. ಉಪ್ಪಿಟ್ಟು ಮಾಡಿಸಿದ್ದು ಅರ್ಧಕ್ಕರ್ಧ ಉಳಿಯಿತು.

ಮಧ್ಯಾಹ್ನ ಗುರುದತ್ತ ಹೇಮಾಳ ಮುಂದೆ ಒಂದು ನಮೂನೆ ಇಟ್ಟ. ಮನೆಯ ಯಜಮಾನನ ಹೆಸರು, ಸ್ಥಳಾಂತರಕ್ಕೆ ಬರುವರೋ ಇಲ್ಲವೋ, ಷರಾ. "ಎಲ್ಲರೂ ಬರ್ತಾರೆ ಅಂತ ತುಂಬಿಬಿಡಿ ಮೇಡಂ. ಷರಾದಲ್ಲಿ ಗೆರೆ ಎಳೆದುಬಿಡಿ."

"ಕುರ್ವೆಯವರು ವಾಪಸ್ ಹೋದ್ರಲ್ಲ ಸರ್."

"ಬಂದಿದ್ದು ಹೌದಲ್ಲ? ಆಮೇಲೆ ಹೋಗಿದ್ದು ಅವರಿಷ್ಟ."

ಹೇಮಾಳಿಗೆ ಆ ಕಾಗದವನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಚೀಲಕ್ಕೆ ಹಾಕಿಕೊಂಡಳು. ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಆಯಿಯನ್ನು ಆ ಬಾಗಿಲಿಗೆ ಎರಡನೆಯ ಸಲ ಕಳಿಸಿದ್ದು ಗುರುದತ್ತನಲ್ಲ, ಮಾಸ್ತರೂ ಅಲ್ಲ. ಬಲು ಜಾಣೆ ಎಂದುಕೊಂಡು ಅವಳೇ ಕಳಿಸಿದ್ದಳು, ಹೊಸ ಸಿಂಬೆ ಸುತ್ತಿಸಿ.

ಸಂಜೆಯೊಳಗೆ ಕುರ್ವೆಗೆ ಹೋದಳು. ಮಂಜಿ ಬುಟ್ಟಿಯ ಮೀನನ್ನೆಲ್ಲ ಚಾಪೆಯ ಮೇಲೆ ಹರವಿ, ಹನಿ ತಾಗಿದ್ದನ್ನು ಬೇರೆ ಮಾಡುತ್ತಿದ್ದಳು. ಹೇಮಾ ಬಾಗಿಲ ಬಳಿ ಕೂತು ಪೆನ್ನು ತೆಗೆದಳು.

"ಆಯಿ, ನೆರೆ ಬಂದ್ರೆ ನೀ ಸಭಾಭವನಕ್ಕೆ ಬತ್ಯಾ? ಸರ್ಕಾರದ ಕಾಗದಕ್ಕೆ ಕೇಳ್ತಾ ಇದ್ದೆ."

"ಇಲ್ಲ."

"ಕಾರಣ ಎಂತ ಬರೀಲಿ?"

ಮಂಜಿ ಒಂದು ಬಂಗಡೆ ಎತ್ತಿ ಮೂಸಿ ನೋಡಿ ಈಚೆ ಹಾಕಿದಳು. "ಊರವರು ನನ್ನ ಹಿಂದೆ ಎಂತ ಹೇಳ್ತರು, ನಂಗೆ ಕೇಳೂದಿಲ್ಲ ಅಂದ್ಕಂಡಿದ್ಯಾ? ಮೀನಿನ ಆಸೆಗೆ ಗಂಡನ್ನ ನೀರಿಗೆ ಹಾಕಿದವಳು ಅಂತರು. ಹಾಂಗೇ ಇರ್ಲಿ. ಈಗ ಇದನ್ನ ಹೊರಗೆ ಮಳೆಗೆ ಇಟ್ಟು ನಾ ಒಳಗೆ ಹೋಗಿ ಬೆಚ್ಚಗೆ ಕೂತ್ರೆ, ಅವತ್ತೇ ಇಡ್ಲಾಗಿತ್ತಲ್ಲ? ಅವ ಸತ್ತದ್ದು ಎಂತಕ್ಕೆ ಅಂತಾತು?"

ಹೇಮಾ ಪೆನ್ನು ಕೆಳಗಿಟ್ಟಳು. ಈ ಮಾತನ್ನು ತಾಯಿ ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು, ತಾನು ಆರು ವರ್ಷ ಅದನ್ನು ಹಟ ಎಂದು ಕರೆದಿದ್ದಳು.

"ಇಷ್ಟುದ್ದ ಬರೆಯೂಕೆ ಆ ಕಾಗದದಲ್ಲಿ ಜಾಗ ಇಲ್ಲ ಆಯಿ."

"ಹಾಂಗಾರೆ ಒಣಮೀನು ಅಂತ ಬರಿ."

ಬರೆದಳು. ಮಂಜಿ, ಬರುವುದಿಲ್ಲ, ಷರಾ: ಒಣಮೀನು.

ಪಕ್ಕದ ಮನೆಯ ಗಣಪಿ ಕೇಳಿಸಿಕೊಂಡಿದ್ದಳು. ನಂದೂ ಬರಿ ಎಂದಳು. ಎಂತ ಬರೀಲಿ ಎಂದರೆ, ಮಂಜಕ್ಕಂದು ಎಂತ ಬರ್ದಿಯೋ ಅದೇ ಎಂದಳು. ಅಲ್ಲಿಂದ ಮುಂದಿನ ಮನೆ, ಅದರ ಮುಂದಿನ ಮನೆ. ಎರಡು ದಿನ ಹಿಡಿಯಿತು. ನಲವತ್ತೊಂದು ಮನೆಯಲ್ಲಿ ಮೂವತ್ತೊಂಬತ್ತಕ್ಕೆ ಒಂದೇ ಷರಾ. ಒಬ್ಬ ಮುದುಕ ಕೋಳಿ ಎಂದ. ಇನ್ನೊಬ್ಬಳು ಮೀನೂ ಇಲ್ಲ ಗೀನೂ ಇಲ್ಲ, ಅಲ್ಲಿ ನನ್ನ ನಾದಿನಿ ಇರ್ತಳೆ, ನಾ ಬರೂದಿಲ್ಲ ಎಂದಳು. ಹೇಮಾ ಅದನ್ನೂ ಹಾಗೆಯೇ ಬರೆದಳು. ಇನ್ನು ಮೇಲೆ ಎರಡು ಅರ್ಥದ ಒಂದು ಅಕ್ಷರವನ್ನೂ ಬರೆಯುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಕೊನೆಯ ಪುಟದಲ್ಲಿ ಒಂದು ಸಾಲು ಖಾಲಿ ಉಳಿಯಿತು. ಅದನ್ನು ಅವಳು ದೋಣಿಯಲ್ಲಿ ಕೂತು ತುಂಬಿದಳು.

ಗುರುದತ್ತ ಪಟ್ಟಿ ನೋಡಿ ಕುರ್ಚಿಯಿಂದ ಅರ್ಧ ಎದ್ದ. "ಇದನ್ನ ಮೇಲೆ ಕಳಿಸಿದ್ರೆ ನನ್ನ ಗತಿ ಏನ್ರೀ? ಒಣಮೀನು, ಒಣಮೀನು, ಒಣಮೀನು, ಇದೇನು ಅಂಗಡಿ ಚೀಟಿಯಾ?" ಆಮೇಲೆ ಏನೋ ಹೊಳೆದು ನಿರಾಳನಾದ. "ಆಶ್ರಯತಾಣದ ಉಸ್ತುವಾರಿಯವರು ಪ್ರತಿ ಪುಟಕ್ಕೂ ಸಹಿ ಹಾಕಬೇಕು ಅಂತ ಇದೆ. ಮಾಸ್ತರು ಸಹಿ ಹಾಕಿದ್ರೆ ಕಳಿಸ್ತೀನಿ, ನನ್ನದೇನೂ ಅಭ್ಯಂತರ ಇಲ್ಲ." ಮಾಸ್ತರು ಹಾಕುವುದಿಲ್ಲ ಎಂಬ ಧೈರ್ಯ ಅವನದು.

ಮಾಸ್ತರ ಮನೆಯ ಜಗುಲಿಯಲ್ಲಿ ಹೇಮಾ ಪಟ್ಟಿಯನ್ನು ಅವರ ಕೈಗೆ ಕೊಟ್ಟು ನಿಂತಳು. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟದ ಮೇಲಿನಿಂದ ಓದತೊಡಗಿದರು, ಹೆಸರು ಹೆಸರಿಗೂ ತುಟಿ ಅಲ್ಲಾಡಿಸುತ್ತ. ಅರ್ಧಕ್ಕೆ ಬಂದಾಗ ಜೇಬಿನಿಂದ ಪೆನ್ನು ತೆಗೆದರು. ಅವರು ಒಂದು ಕಡೆ ಬಿಟ್ಟುಹೋಗಿದ್ದ ಕೊಂಬು ತಿದ್ದಿ ಮುಂದಕ್ಕೆ ಹೋದರು.

"ಇಷ್ಟೂ ಜನ?" ಎಂದರು.

"ಇಷ್ಟೂ ಜನ."

"ಇದು ಅರ್ಥ ಆಗ್ತದೆ," ಎಂದರು ಮಾಸ್ತರು, ತನಗೆ ತಾನೇ ಹೇಳಿಕೊಂಡಂತೆ. "ಇದರಲ್ಲಿ ಸುಳ್ಳಿಲ್ಲ." ಮೊದಲ ಪುಟಕ್ಕೆ ಸಹಿ ಹಾಕಿದರು. ಎರಡನೆಯದನ್ನು ಓದಿ ಅದಕ್ಕೂ ಹಾಕಿದರು. ನಾದಿನಿಯ ಸಾಲಿಗೆ ಬಂದಾಗ ಮೀಸೆಯಡಿ ಸಣ್ಣಗೆ ನಗು ಬಂದು ಹೋಯಿತು.

ಆರು ಸಭೆ, ಬಣ್ಣದ ಚೀಟಿ, ಚಾ, ಚಪ್ಪಾಳೆ, ಎಲ್ಲ ಆಗಿ ಕೊನೆಗೆ ಈ ಊರು ಮನಸಾರೆ ಒಪ್ಪಿದ್ದು ಇದೊಂದನ್ನು: ಯಾರು ಯಾರು ನೀರಿನಲ್ಲಿ ಉಳಿಯುತ್ತಾರೆ ಎಂಬುದನ್ನು. ಅದಕ್ಕೆ ಮಾತ್ರ ಯಾರದೂ ತಕರಾರಿಲ್ಲ.

ಮಾಸ್ತರು ಕೊನೆಯ ಪುಟ ತಿರುವಿದರು. ಓದುತ್ತ ಓದುತ್ತ ಕೆಳಗಿಳಿದು ಕಟ್ಟಕಡೆಯ ಸಾಲಿಗೆ ಬಂದಾಗ ಅವರ ತುಟಿ ನಿಂತಿತು.

ಹೇಮಾ ಕೋಂ ಉದಯ, ವಾಸ ಹೊನ್ನಾವರ. ನೆರೆಯ ದಿನ ಇರುವ ಸ್ಥಳ: ಸಣ್ಣಕುರ್ವೆ. ಬರುವುದಿಲ್ಲ. ಷರಾ: ಆಯಿ.

ಅವರು ಕನ್ನಡಕ ತೆಗೆದು ಪ್ಯಾಂಟಿನ ಮೇಲೆ ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನ ಮಗಳು ಧನ್ಯಾ ಎಷ್ಟನೇ ಇಯತ್ತೆ ಈಗ?"

"ಮೂರನೇದು."

ಪೆನ್ನು ಕಾಗದದ ಮೇಲೆ ಬಂತು, ಆದರೆ ಮುಟ್ಟಲಿಲ್ಲ. ಆ ಬೆರಳನ್ನು ಹೇಮಾ ಈ ಸಲ ಕಣ್ಣು ತಪ್ಪಿಸದೆ ನೋಡಿದಳು.

"ಇದಕ್ಕೆ ನಾ ಸೈ ಹಾಕೂದಿಲ್ಲ," ಎಂದರು.

"ಎಂತಕ್ಕೆ ಮಾಸ್ತರ್ರೆ? ಅರ್ಥ ಆಗೂದಿಲ್ವಾ?"

"ಆಗ್ತದೆ," ಎಂದರು ಅವರು. "ಆಗ್ತದೆ, ಅದಕ್ಕೇ."

"ಅವಸರ ಇಲ್ಲ," ಎಂದು ಹೇಮಾ ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಬೆಳಗಿನಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ.